ಗಿರಣಿ ನಿಂತ ಮೂರು ದಿನ

ಭಾನುವಾರ, ಜುಲೈ ೧೪

ಪ್ರೀತಿಯ ಗಡಿಯಾರಕ್ಕೆ,

ಹೇಗಿದ್ದೀಯೇ? ನಿನ್ನ ಎರಡು ಪತ್ರಗಳೂ ಬಂದಿವೆ. ಮೊದಲನೆಯದಕ್ಕೆ ಉತ್ತರ ಬರೆಯಬೇಕು ಅನ್ನುವಷ್ಟರಲ್ಲಿ ಎರಡನೆಯದು ಬಂತು. ಎರಡನೆಯದನ್ನು ನೋಡಿ ನಾಚಿಕೆಯಾಗಿ ಇನ್ನೊಂದು ತಿಂಗಳು ಸುಮ್ಮನಿದ್ದೆ. ಹಾಸ್ಟೆಲಿನಲ್ಲಿ ಬೆಳಿಗ್ಗೆ ಐದಕ್ಕೆ ಎಲ್ಲರ ಬಾಗಿಲು ಬಡಿದು ಎಬ್ಬಿಸುತ್ತಿದ್ದವಳು ನೀನು, ತಡ ಅಂದರೆ ನಿನಗೆ ಮೈ ಉರಿಯುತ್ತದೆ ಅಂತ ಗೊತ್ತು. ಎಷ್ಟು ಬೇಕೋ ಅಷ್ಟು ಬೈದುಕೋ. ಬೈದು ಮುಗಿದ ಮೇಲೆ ಮುಂದೆ ಓದು.

ಇಲ್ಲಿ ಎಲ್ಲರೂ ಇದ್ದಾರೆ. ಚೆನ್ನಾಗಿದ್ದಾರೆ ಅಂತ ಬರೆಯಲು ಹೋಗಿ ಕೈ ನಿಂತಿತು.

ದೊಡ್ಡವಳಿಗೆ ಹದಿನೇಳು ತುಂಬಿತು. ನಮ್ಮ ಮನೆಯಲ್ಲಿ ಒಳಗಿನಿಂದ ಚಿಲಕವಿರುವ ಕೋಣೆ ಬಚ್ಚಲೊಂದೇ, ಆದ್ದರಿಂದ ಪರೀಕ್ಷೆಗೆ ಅಲ್ಲೇ ಕೂತು ಓದುತ್ತಾಳೆ. ಹೊರಗೆ ಮೂರು ಜನ ಬಾಗಿಲು ಗುದ್ದುತ್ತಿರುತ್ತಾರೆ. ಎರಡನೆಯವನಿಗೆ ಹದಿಮೂರು. ಅವನನ್ನು ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ವಕೀಲ ಅಂತಲೇ. 'ತಟ್ಟೆ ತೊಳಿ' ಅಂದರೆ, 'ನಿನ್ನೆ ತೊಳೆದದ್ದು ನಾನು, ಸಾಕ್ಷಿ ಅಜ್ಜಿ' ಅನ್ನುತ್ತಾನೆ. ಅಜ್ಜಿ, 'ನಾನು ಯಾವ ಕೋರ್ಟಿಗೂ ಬರಲ್ಲಪ್ಪ' ಅನ್ನುತ್ತಾರೆ. ಕೊನೆಯ ಅವಳಿ ಗಂಡುಮಕ್ಕಳಿಗೆ ಏಳು. ಒಬ್ಬನ ಮುಂದಿನ ಹಲ್ಲು ಬಿತ್ತು ಅಂತ ಹೊಟ್ಟೆಕಿಚ್ಚಿಗೆ ಇನ್ನೊಬ್ಬ ಗಟ್ಟಿಯಾಗಿದ್ದ ತನ್ನ ಹಲ್ಲಿಗೆ ದಾರ ಕಟ್ಟಿ ಬಾಗಿಲಿಗೆ ಸಿಕ್ಕಿಸಿದ. ಹಲ್ಲು ಬರಲಿಲ್ಲ, ಬಾಗಿಲ ಹಿಡಿ ಬಂತು.

ನಡುವಿನವಳ ವಿಷಯಕ್ಕೇ ಈ ಪತ್ರ. ಹತ್ತು ವರ್ಷದವಳು. ನೀನು ನಮ್ಮ ಮನೆಗೆ ಬಂದಾಗ ಅವಳು ತೊಟ್ಟಿಲಲ್ಲಿದ್ದಳು. ಆಮೇಲೆ ನೀನೂ ಬರಲಿಲ್ಲ, ನಾನೂ ಎಲ್ಲಿಗೂ ಹೊರಡಲಿಲ್ಲ. ಅವಳಿಗೆ ಕಿವಿ ಕೇಳಿಸುವುದಿಲ್ಲ ಕಣೇ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೂ ಹೋಗುತ್ತಿದೆ. ಮೂರು ವರ್ಷದಿಂದ ಹೀಗೆ. ನಮಗೆ ಗೊತ್ತಾದದ್ದು ಈ ಮೇ ತಿಂಗಳಲ್ಲಿ.

ಮೂರು ವರ್ಷ, ಒಂದೇ ಸೂರಿನಡಿ, ಏಳು ಜನರ ಕಣ್ಣ ಮುಂದೆ. ಅದು ಹೇಗೆ ಸಾಧ್ಯ ಅಂತ ನೀನು ಕೇಳುತ್ತೀಯ. ಎಲ್ಲರೂ ಕೇಳಿದರು. ಹೇಗೆ ಅಂತ ಹೇಳುತ್ತೇನೆ.

ನಮ್ಮ ಮನೆಯ ಕೆಳಗೇ ಗಿರಣಿ ಇದೆಯಲ್ಲ, ಬೆಳಿಗ್ಗೆ ಏಳಕ್ಕೆ ನಮ್ಮವರು ಸ್ವಿಚ್ಚು ಒತ್ತಿದರೆ ಸಂಜೆ ಏಳರವರೆಗೂ ಕಲ್ಲು ತಿರುಗುತ್ತದೆ. ನಮ್ಮ ನೆಲ ಮರದ ಹಲಗೆಯದು. ಗೋಧಿ ಬೀಳುವಾಗ ಒಂದು ಸದ್ದು, ಜೋಳ ಬೀಳುವಾಗ ಇನ್ನೊಂದು. ಬೆಂಚಿನ ಮೇಲಿಟ್ಟ ಲೋಟ ತಾನೇ ಜರುಗುತ್ತಾ ಅಂಚಿಗೆ ಹೋಗುತ್ತದೆ. ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಅತ್ತೆ ಒಂದು ದಿನ ನನ್ನ ಭುಜ ತಟ್ಟಿ, 'ಕೂಗಬೇಡಮ್ಮ, ಕೈಯಲ್ಲಿ ಹೇಳು' ಅಂದರು. ಅವರ ಅತ್ತೆಯ ಕಾಲದಿಂದ ಬಂದ ಸನ್ನೆಗಳವು. ಹೊಟ್ಟೆ ಮುಟ್ಟಿದರೆ ಊಟ. ತೋರುಬೆರಳು ಗಾಳಿಯಲ್ಲಿ ಸುತ್ತಿದರೆ ಅಪ್ಪ ಮೇಲೆ ಬರುತ್ತಿದ್ದಾರೆ. ಹಣೆಗೆ ಅಡ್ಡ ಕೈಯಿಟ್ಟರೆ ಅಜ್ಜಿಗೆ ತಲೆನೋವು, ದೂರ ಇರಿ. ಎಲ್ಲರನ್ನೂ ಒಟ್ಟಿಗೆ ಕರೆಯಬೇಕಾದರೆ ಹಲಗೆಯ ಮೇಲೆ ಎರಡು ಸಲ ಕಾಲು ಒದೆಯುತ್ತೇನೆ, ಪಾದಕ್ಕೆ ಅದುರು ತಾಗಿದವರೆಲ್ಲ ಬರುತ್ತಾರೆ. ಉಳಿದದ್ದನ್ನು ಎದುರು ನಿಂತು, ತುಟಿ ದೊಡ್ಡದು ಮಾಡಿ ಹೇಳುತ್ತೇವೆ. ರಾತ್ರಿ, ಭಾನುವಾರ ಕಲ್ಲು ನಿಂತಾಗಲೂ ಅಭ್ಯಾಸಬಲಕ್ಕೆ ಹೀಗೆಯೇ ನಡೆಯುತ್ತದೆ. ಹೊರಗಿನವರು ಬಂದರೆ ಇವರೆಲ್ಲ ಒಬ್ಬರಿಗೊಬ್ಬರು ಅಣಕಿಸುತ್ತಿದ್ದಾರೆ ಅಂದುಕೊಳ್ಳುತ್ತಾರೆ.

ಇಂಥ ಮನೆಯಲ್ಲಿ ಕಿವುಡು ಮಗು ಹೇಗಿರುತ್ತದೆ ಹೇಳು? ಎಲ್ಲ ಮಕ್ಕಳ ಹಾಗೆಯೇ ಇರುತ್ತದೆ. ಸ್ವಲ್ಪ ಹೆಚ್ಚು ಜಾಣ ಮಗುವಾಗಿರುತ್ತದೆ.

ಅವಳನ್ನು ನಾವು ಕನ್ನಡಿ ಅಂತ ಕರೆಯುತ್ತೇವೆ. ಯಾರು ಮಾತಾಡಿದರೂ ಅವರ ಮುಖವನ್ನೇ ನೋಡುತ್ತಾಳೆ, ಅವರು ಹುಬ್ಬು ಎತ್ತಿದರೆ ಇವಳದೂ ಏಳುತ್ತದೆ. ದೊಡ್ಡವಳು ಇಟ್ಟ ಹೆಸರು ಅದು. ಶಾಲೆಯಲ್ಲಿ ಗಲಾಟೆ ಮಾಡುವುದಿಲ್ಲ ಅಂತ ಟೀಚರು ಕೊನೆಯ ಬೆಂಚಿನಲ್ಲಿ ಕೂರಿಸಿದ್ದರು. ಪಕ್ಕದ ಹುಡುಗಿಯ ಪುಸ್ತಕ ನೋಡಿ ಬರೆದುಕೊಂಡು ಬರುತ್ತಿದ್ದಳು. ನಾವು ಅಕ್ಷರ ದುಂಡಗಿದೆ ಅಂತ ಹೊಗಳುತ್ತಿದ್ದೆವು.

ಮೇ ತಿಂಗಳ ಎರಡನೆಯ ವಾರ ಗಿರಣಿಯ ಮೋಟರಿನ ವೈಂಡಿಂಗ್ ಸುಟ್ಟುಹೋಯಿತು. ಹೊಸದಾಗಿ ತಂತಿ ಸುತ್ತಿಸಿ ತರಲು ಮೂರು ದಿನ ಬೇಕು ಅಂದರು. ವಾರದ ನಡುವೆ ಸಾಲಾಗಿ ಮೂರು ದಿನ ಮನೆ ಸ್ತಬ್ಧ. ಮೊದಲ ಬೆಳಿಗ್ಗೆ ನಮಗೆಲ್ಲ ತಲೆ ತಿರುಗಿದ ಹಾಗಾಯಿತು. ನಲ್ಲಿಯ ಹನಿ ಕೇಳಿಸುತ್ತಿತ್ತು. ಅವಳಿಗಳಿಗಂತೂ ಅದೊಂದು ಆಟ, ಇಡೀ ದಿನ ಪಿಸುಗುಟ್ಟಿದರು. ನಾವು ದೊಡ್ಡವರೂ ಮೆಲ್ಲಗೆ ಮಾತಾಡತೊಡಗಿದೆವು, ಬೇರೆ ಬೇರೆ ಕೋಣೆಯಲ್ಲಿ ಕೂತು, ಬೆನ್ನು ತಿರುಗಿಸಿಕೊಂಡು, ಒಲೆಯ ಕಡೆ ಮುಖ ಮಾಡಿಕೊಂಡು. ಒಂದೇ ದಿನದಲ್ಲಿ ಸನ್ನೆ ಬಿಟ್ಟುಬಿಟ್ಟೆವು. ಬೇಕಿರಲಿಲ್ಲವಲ್ಲ.

ಎರಡನೆಯ ದಿನ ಮಧ್ಯಾಹ್ನ ನಾನು ಬಟ್ಟೆ ಮಡಿಸುತ್ತಿದ್ದೆ. ಕನ್ನಡಿ ಬಂದು ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

'ಅಮ್ಮ, ಎಲ್ಲರೂ ನನ್ನ ಮೇಲೆ ಯಾಕೆ ಕೋಪ ಮಾಡ್ಕೊಂಡಿದ್ದೀರ?'

'ಯಾರೇ ಕೋಪ ಮಾಡ್ಕೊಂಡಿರೋದು?'

'ನಿನ್ನೆಯಿಂದ ಯಾರೂ ನನ್ನ ಹತ್ರ ಮಾತಾಡ್ತಾ ಇಲ್ಲ.'

ವಕೀಲ ಕಿಟಕಿಯ ಹತ್ತಿರ ಕೂತಿದ್ದ. 'ಸುಳ್ಳು! ಈಗ ತಾನೆ ಮೂರು ಸಲ ಪೆನ್ಸಿಲ್ ಕೇಳಿದೆ, ತಿರುಗಿಯೂ ನೋಡ್ಲಿಲ್ಲ ಮಹಾರಾಣಿ' ಅಂದ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅವನು ಮಾತಾಡಿದ್ದೇ ಅವಳಿಗೆ ಗೊತ್ತಾಗಲಿಲ್ಲ.

ವಾದಿಸುವ ಹುಡುಗ ಎದ್ದು ಬಂದು ಅವಳ ಹಿಂದೆ ನಿಂತು, ಮಾಮೂಲಿ ದನಿಯಲ್ಲಿ, 'ನಿನ್ನ ಲಂಗದ ಮೇಲೆ ಜಿರಲೆ ಇದೆ' ಅಂದ. ಜಿರಲೆ ಅಂದರೆ ಬೀದಿಯ ತುದಿಯವರೆಗೂ ಓಡುವವಳು ಅವಳು. ಅಲುಗಲಿಲ್ಲ. ಅವನು ಇನ್ನೂ ಜೋರಾಗಿ ಹೇಳಿದ. ಮತ್ತೂ ಜೋರಾಗಿ. ಆಮೇಲೆ ನನ್ನನ್ನು ನೋಡಿದ. ಎಲ್ಲರ ಬಾಯಿ ಮುಚ್ಚಿಸುವ ನನ್ನ ಮಗ, 'ಅಮ್ಮ, ಇವಳು ನಾಟಕ ಮಾಡ್ತಿದ್ದಾಳೆ ಅಲ್ವಾ?' ಅಂತ ಕೇಳಿದ.

ಆಸ್ಪತ್ರೆಗೆ ಹೋದೆವು. ನಮ್ಮವರು ಹಿಟ್ಟಿನ ಶರ್ಟಿನಲ್ಲೇ ಬಂದರು, ಬದಲಾಯಿಸಲು ಹೊಳೆಯಲಿಲ್ಲ. ಅಲ್ಲಿ ಒಂದು ಪುಟ್ಟ ಕೋಣೆ, ಗೋಡೆಗೆಲ್ಲ ದಪ್ಪ ಸ್ಪಂಜು, ನಡುವೆ ಗಾಜು. ಒಳಗೆ ಅವಳನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿಸಿದಾಗ ಒತ್ತಬೇಕು. ಈಚೆ ಪರೀಕ್ಷೆ ಮಾಡುವ ಹೆಂಗಸು ಯಂತ್ರದ ಮುಂದೆ ಕೂತಳು. ಕನ್ನಡಿ ಒಂದಾದ ಮೇಲೊಂದು ಸರಿಯಾಗಿ ಒತ್ತಿದಳು. ನನ್ನ ಎದೆ ಹಗುರಾಯಿತು. ನಮ್ಮವರು ನನ್ನ ಕಡೆ ತಿರುಗಿ, 'ನೋಡಿದ್ಯಾ, ಸುಮ್ನೆ ಎಲ್ರೂ ಹೆದರಿಸಿದ್ರಿ' ಅಂದರು.

ಆ ಹೆಂಗಸು ಎದ್ದಳು. ಕೋಣೆಯೊಳಗೆ ಹೋಗಿ, ಕುರ್ಚಿಯನ್ನು ಮಗುವಿನ ಸಮೇತ ಗೋಡೆಯ ಕಡೆ ತಿರುಗಿಸಿ ಬಂದಳು. 'ನನ್ನ ಬೆರಳು ನೋಡಿಕೊಂಡು ಒತ್ತುತ್ತಿದ್ದಾಳೆ' ಅಂದಳು, ಬೇಸರವಿಲ್ಲದೆ, ತುಂಬ ಮಕ್ಕಳನ್ನು ನೋಡಿದವರ ಹಾಗೆ.

ಆಮೇಲೆ ನಾವು ನೋಡಿದ್ದು ಅವಳ ಬೆನ್ನನ್ನು, ಎರಡು ಜಡೆಗಳನ್ನು. ಎಡಗಿವಿಗೆ ಬಿಟ್ಟ ಸದ್ದಿನ ಮುಳ್ಳು ಈಚೆ ಯಂತ್ರದಲ್ಲಿ ಏರುತ್ತಾ ಹೋಯಿತು. ಒಳಗೆ ಗುಂಡಿ ಹಿಡಿದ ಕೈ ತೊಡೆಯ ಮೇಲೆ ಹಾಗೇ ಇತ್ತು. ನಾನು ಗಾಜಿನ ಈಚೆಯಿಂದ, ಒತ್ತೇ, ಒತ್ತು ಮಗಳೇ ಅಂತ ಮನಸ್ಸಿನಲ್ಲಿ ಕೂಗುತ್ತಿದ್ದೆ. ಬಹಳ ಹೊತ್ತಿನ ಮೇಲೆ ಅವಳು ಒಂದು ಸಲ ಒತ್ತಿದಳು. ಆಗ ಯಾವ ಸದ್ದೂ ಬಿಟ್ಟಿರಲಿಲ್ಲವಂತೆ. ಇಷ್ಟು ಹೊತ್ತು ಸುಮ್ಮನೆ ಕೂರುವುದು ಸರಿಯಲ್ಲ ಅಂತ ಒತ್ತಿರಬೇಕು.

ಡಾಕ್ಟರು ಒಳ್ಳೆಯವರು, ನಿಧಾನವಾಗಿ ಹೇಳಿದರು. ಮೂರು ವರ್ಷದ ಹಿಂದೆ ಕನ್ನಡಿಗೂ ಅವಳಿ ಹುಡುಗರಿಗೂ ಒಟ್ಟಿಗೆ ಜೋರು ಜ್ವರ ಬಂದಿತ್ತು. ಆಗ ಕಿವಿಯ ನರಕ್ಕೆ ಪೆಟ್ಟಾಗಿರಬಹುದು. ಗಿರಣಿಯ ಸದ್ದೂ ಸೇರಿರಬಹುದು. ನಮ್ಮವರು ಮುಂದಕ್ಕೆ ಬಗ್ಗಿ, 'ಗಿರಣಿಯಿಂದಾನೇ ಅಂತ ಹೇಳಿಬಿಡಿ ಸಾರ್' ಅಂದರು. ಡಾಕ್ಟರು, 'ಹಾಗೆ ಹೇಳೋಕಾಗಲ್ಲ, ಎರಡೂ ಇರಬಹುದು' ಅಂದರು. 'ಇಲ್ಲ ಸಾರ್, ಗಿರಣಿಯಿಂದಾನೇ' ಅಂದರು ಇವರು, ತಾವೇ ಡಾಕ್ಟರು ಅನ್ನುವ ಹಾಗೆ. ಶುರುವಾದ ಎರಡು ಮೂರು ವಾರದೊಳಗೆ ಬಂದಿದ್ದರೆ ಔಷಧಿ ಕೊಟ್ಟು ಪ್ರಯತ್ನ ಮಾಡಬಹುದಿತ್ತು, ಸ್ವಲ್ಪವಾದರೂ ಉಳಿಯುತ್ತಿತ್ತೇನೋ ಅಂತಲೂ ಡಾಕ್ಟರು ಹೇಳಿದರು. ನನ್ನ ಮುಖ ನೋಡಿ, 'ಇಷ್ಟು ಚಿಕ್ಕ ಮಗು ಬಾಯಿಬಿಟ್ಟು ಹೇಳದಿದ್ದರೆ ನಿಮಗಾದರೂ ಹೇಗೆ ಗೊತ್ತಾಗಬೇಕಮ್ಮ' ಅಂತ ಸಮಾಧಾನ ಮಾಡಿದರು.

ಈಗ ಇರುವುದು ಇಷ್ಟು. ಎಡಗಿವಿಗೆ ಏನೂ ಮಾಡುವ ಹಾಗಿಲ್ಲ. ಬಲಗಿವಿಗೆ ಮಷೀನು ಕೊಟ್ಟಿದ್ದಾರೆ. ಅದು ಸದ್ದನ್ನು ದೊಡ್ಡದು ಮಾಡುತ್ತದೆ, ಮಾತನ್ನು ಸ್ಪಷ್ಟ ಮಾಡುವುದಿಲ್ಲ. ಮನೆಯಲ್ಲಿ ಹಾಕಿಕೊಂಡರೆ ಗಿರಣಿಯೇ ತಲೆಯೊಳಗೆ ಬಂದು ಕೂತಂತೆ, ಕಣ್ಣಲ್ಲಿ ನೀರು ತುಂಬುತ್ತದೆ, ತೆಗೆದು ಪೆನ್ಸಿಲ್ ಡಬ್ಬಿಯೊಳಗೆ ಇಟ್ಟುಬಿಡುತ್ತಾಳೆ. ಹೈಸ್ಕೂಲು ಮುಟ್ಟುವಷ್ಟರಲ್ಲಿ ಬಲಗಿವಿಯೂ ಹೋಗುತ್ತದೆ ಅಂದಿದ್ದಾರೆ. ಕೇಳಿಸದ ಮಕ್ಕಳ ಶಾಲೆಯೊಂದಕ್ಕೆ ಬರೆದೆ. ಏಳು ವರ್ಷದೊಳಗೆ ಬಂದವರನ್ನು ಮಾತ್ರ ಸೇರಿಸಿಕೊಳ್ಳುತ್ತಾರಂತೆ. 'ನೀವು ತಡವಾಗಿ ಬಂದಿದ್ದೀರಿ' ಅನ್ನುವ ಸಾಲಿನ ಕೆಳಗೆ ಅವರ ಸಹಿ ಬಹಳ ಅಂದವಾಗಿತ್ತು. ಅವಳ ಮಾತೂ ಸವೆಯುತ್ತಿದೆ. ಪದಗಳ ಕೊನೆ ಮೆತ್ತಗಾಗಿ ಬಿದ್ದುಹೋಗುತ್ತಿದೆ. ಮೊದಲು ನಾವು ಅದನ್ನು ಮುದ್ದು ಅಂದುಕೊಂಡಿದ್ದೆವು. ಈಗ ದೊಡ್ಡವಳು ದಿನಾ ಅರ್ಧ ಗಂಟೆ ಎದುರು ಕೂರಿಸಿಕೊಂಡು ತಿದ್ದುತ್ತಾಳೆ. ಮೊನ್ನೆ ಅವಳೂ ಪುಸ್ತಕ ಎಸೆದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಒಳಗೆ ನಲ್ಲಿ ಬಿಟ್ಟಿದ್ದಳು. ಯಾಕೆ ಅಂತ ನನಗೆ ಗೊತ್ತು.

ಗಿರಣಿ ಮುಚ್ಚಿ ಅಂತ ಯಾರಾದರೂ ಹೇಳಬಹುದು. ಎಂಟು ಜನ ಉಣ್ಣುವುದು ಅದರಿಂದಲೇ. ನಮ್ಮವರಿಗೆ ಬೇರೆ ಕೆಲಸ ಬರುವುದಿಲ್ಲ, ಈ ವಯಸ್ಸಿಗೆ ಕಲಿಸುವವರೂ ಇಲ್ಲ. ಮೋಟರು ವಾಪಸು ಬಂದ ದಿನ ಅವರು ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು ಸುಮಾರು ಹೊತ್ತು ನಿಂತಿದ್ದರು. ಹೊರಗೆ ಚೀಲ ಹಿಡಿದ ಜನ ಸಾಲಾಗಿ ಕಾಯುತ್ತಿದ್ದರು. ಒಬ್ಬ ಮುದುಕಿ, 'ಏನಪ್ಪಾ, ಮುಹೂರ್ತ ನೋಡ್ತಿದ್ದೀಯಾ?' ಅಂದಳು. ಒತ್ತಿದರು. ಅವತ್ತಿನಿಂದ ಸಂಜೆ ಮೇಲೆ ಬಂದರೆ ಕನ್ನಡಿಯ ಕಣ್ಣು ತಪ್ಪಿಸುತ್ತಾರೆ. ಮುಖ ನೋಡದೆ ಅವಳ ಜೊತೆ ಮಾತಾಡಲು ಆಗುವುದಿಲ್ಲವಲ್ಲ, ಹಾಗಾಗಿ ಅಪ್ಪ ಮಗಳ ನಡುವೆ ಈಗ ಮಾತಿಲ್ಲ.

ಅತ್ತೆ ಮೊದಲ ದಿನ ಅತ್ತರು. ಎರಡನೆಯ ದಿನ, 'ಈ ಮನೇಲಿ ನನ್ನ ಮಾತು ಕೇಳೋಳು ಅವಳೊಬ್ಬಳೇ ಅಂದ್ಕೊಂಡಿದ್ದೆ, ಅದೂ ಇಲ್ಲದ ಹಾಗಾಯ್ತು' ಅಂದರು. ನಾವೆಲ್ಲ ನಕ್ಕುಬಿಟ್ಟೆವು. ನಾವು ನಕ್ಕದ್ದು ನೋಡಿ ಕನ್ನಡಿಯೂ ನಕ್ಕಳು. ಅವಳ ಆ ನಗು ಕಂಡು ನಮ್ಮ ನಗು ಅಲ್ಲಿಗೇ ನಿಂತಿತು.

ನನ್ನ ಕವಿತೆಯ ಹುಚ್ಚು ನಿನಗೆ ಗೊತ್ತಲ್ಲ. ಎಂ.ಎ. ಮಾಡಿ ಹಿಟ್ಟು ಜರಡಿ ಹಿಡಿಯುವವಳು ಅಂತ ನನ್ನನ್ನು ನಾನೇ ಹಂಗಿಸಿಕೊಳ್ಳದಿರಲು ಒಂದು ಪದ್ಧತಿ ಇಟ್ಟುಕೊಂಡಿದ್ದೆ. ಭಾನುವಾರ ಗಿರಣಿಗೆ ರಜೆ. ಅವತ್ತು ಮಧ್ಯಾಹ್ನ ಮಕ್ಕಳನ್ನು ಕೂರಿಸಿಕೊಂಡು ಒಂದು ಕವಿತೆ ಗಟ್ಟಿಯಾಗಿ ಓದುವುದು. ಅವಳಿಗಳು ಎರಡನೆಯ ಸಾಲಿಗೆ ಪರಾರಿ, ವಕೀಲ ಅರ್ಥದ ಮೇಲೆ ತಕರಾರು, ದೊಡ್ಡವಳಿಗೆ ಆಕಳಿಕೆ. ಕನ್ನಡಿ ಮಾತ್ರ ಕಣ್ಣು ಮಿಟುಕಿಸದೆ ಎದುರು ಕೂತು ಕೇಳುತ್ತಿದ್ದಳು. ಮುಗಿದ ಮೇಲೆ 'ಇನ್ನೊಂದು' ಅನ್ನುತ್ತಿದ್ದಳು. ಐವರಲ್ಲಿ ಒಬ್ಬಳಾದರೂ ನನ್ನ ಪಾಲಿಗೆ ಬಂದಳು ಅಂತ ನಿನಗೆ ಜಂಬದಿಂದ ಬರೆದಿದ್ದೆ. ಈಚೆಗೆ ಒಂದು ದಿನ ಕೇಳಿದೆ, ಕೇಳಬಾರದಿತ್ತು: 'ನಾನು ಓದ್ತಿದ್ದೆನಲ್ಲ, ಏನು ಗೊತ್ತಾಗ್ತಿತ್ತು ನಿನಗೆ?' ಅವಳು ಸ್ವಲ್ಪ ಯೋಚಿಸಿ, 'ಏನಿಲ್ಲ. ಓದುವಾಗ ನಿನ್ನ ಮುಖ ಚೆನ್ನಾಗಿರುತ್ತೆ. ಬೇರೆ ಹೊತ್ತಲ್ಲಿ ಹೀಗಿರಲ್ಲ' ಅಂದಳು.

ಇವತ್ತೂ ಭಾನುವಾರವೇ. ಪುಸ್ತಕ ತೆಗೆಯಲಿಲ್ಲ, ಈ ಪತ್ರ ಹಿಡಿದು ಕೂತೆ. ಅವಳು ಎರಡು ಸಲ ಬಂದು ನನ್ನ ಮುಖ ನೋಡಿ ಹೋದಳು. ಅಲ್ಲಿ ಕವಿತೆ ಇರಲಿಲ್ಲ ಅಂತ ಅವಳಿಗೆ ಗೊತ್ತಾಗಿರುತ್ತದೆ.

ನಿನ್ನನ್ನು ಏನಾದರೂ ಮಾಡು ಅಂತ ಕೇಳುತ್ತಿಲ್ಲ. ಮಾಡುವುದು ಏನೂ ಉಳಿದಿಲ್ಲ. ಯಾರಿಗಾದರೂ ಮೊದಲಿನಿಂದ ಹೇಳಬೇಕಿತ್ತು, ಅಷ್ಟೆ. ಇಲ್ಲಿ ಎಲ್ಲರಿಗೂ ಗೊತ್ತಿರುವುದರಿಂದ ಹೇಳಿಕೊಳ್ಳಲು ಯಾರೂ ಇಲ್ಲ.

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಅಂದರೆ ನೀನು ಕೇಳುವವಳಲ್ಲ. ನಿನ್ನಮ್ಮನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಮಗ ಹೊಸ ಕೆಲಸಕ್ಕೆ ಸೇರಿದನಂತೆ, ಅವನಿಗೆ ನೂರು ವರ್ಷ ಆಯಸ್ಸಾಗಲಿ, ಕೈಕಾಲು ಕಣ್ಣು ಕಿವಿ ಗಟ್ಟಿಯಾಗಿರಲಿ. ಈ ಚಿಕ್ಕ ಮಾತಿನಲ್ಲಿ ಎಷ್ಟು ದೊಡ್ಡದನ್ನು ಬೇಡುತ್ತೇವೆ ಅಂತ ನನಗೆ ಈಗೀಗ ತಿಳಿಯುತ್ತಿದೆ.

ನಿನ್ನ,
ಗಿರಣಿಯವಳು

ತಾ.ಕ.: ಪತ್ರ ಮಡಿಸಿ ಅಂಟು ಹಚ್ಚಲು ಹೋಗಿ ಮತ್ತೆ ಬಿಚ್ಚಿದೆ. ಒಂದು ಮಾತು ಬರೆಯದೆ ಬಿಟ್ಟಿದ್ದೇನೆ. ನಮ್ಮವರಿಗೂ ಹೇಳಿಲ್ಲ.

ಅವಳು ಹೇಳಿದ್ದಳು ಕಣೇ. ಜ್ವರ ಬಿಟ್ಟು ಎರಡೋ ಮೂರೋ ದಿನವಾಗಿತ್ತು. ನಾನು ಅವಳಿಗಳ ಮೈ ಒರೆಸುತ್ತಿದ್ದೆ. ಹತ್ತಿರ ಬಂದು, 'ಅಮ್ಮ, ಈ ಕಿವಿ ಮಲಗಿಬಿಟ್ಟಿದೆ' ಅಂದಳು. 'ಏಳುತ್ತೆ ಬಿಡು, ಹೋಗಿ ಒಣ ಟವೆಲು ತಾ' ಅಂದೆ. ತಂದುಕೊಟ್ಟಳು. ಮಾರನೆಯ ದಿನ ಮತ್ತೆ ಬಂದು, 'ಇನ್ನೂ ಎದ್ದಿಲ್ಲ' ಅಂದಳು. ನನಗೆ ಆ ಮಾತು ಎಷ್ಟು ಚೆನ್ನಾಗಿದೆ ಅನ್ನಿಸಿತು ಗೊತ್ತಾ? ಏಳು ವರ್ಷದ ಮಗುವಿನ ಬಾಯಲ್ಲಿ ಇಂಥ ಸಾಲು ಅಂತ ಹಿಗ್ಗಿ, ಕವಿತೆ ಬರೆದುಕೊಳ್ಳುವ ನನ್ನ ನೋಟುಬುಕ್ಕಿನಲ್ಲಿ ಬರೆದಿಟ್ಟೆ. ತಾರೀಖು ಸಮೇತ ಇದೆ. ಡಾಕ್ಟರು ಹೇಳಿದ ಎರಡು ಮೂರು ವಾರ ಆ ತಾರೀಖಿನಿಂದಲೇ ಶುರುವಾಗುತ್ತದೆ.

ಡಾಕ್ಟರು ನನ್ನನ್ನು ನೇರವಾಗಿ ಕೇಳಿದ್ದರು, 'ಮಗು ಯಾವತ್ತಾದರೂ ಹೇಳಿತ್ತಾ ಅಮ್ಮ?' ಅಂತ. ನಮ್ಮವರು ಪಕ್ಕದಲ್ಲೇ ಇದ್ದರು. ನಾನು, 'ಇಲ್ಲ' ಅಂದೆ. ಕನ್ನಡಿ ನನ್ನ ತುಟಿಯನ್ನೇ ನೋಡುತ್ತಿದ್ದಳು. ಡಾಕ್ಟರು ಅವಳ ಕಡೆ ತಿರುಗಿ, ಬಾಯಿ ದೊಡ್ಡದು ಮಾಡಿ ಅದನ್ನೇ ಕೇಳಿದರು. ಅವಳು ಅವರನ್ನು ನೋಡಿ, ನನ್ನನ್ನು ನೋಡಿ, 'ಇಲ್ಲ' ಅಂದಳು. ಅವರು ಬರೆದುಕೊಂಡರು.

ಹೊರಗೆ ಬಂದ ಮೇಲೆ, ಅಪ್ಪ ಮುಂದೆ ಹೋಗುವವರೆಗೂ ಕಾದು, ನನ್ನ ಸೆರಗು ಎಳೆದು ತನ್ನ ಕಡೆ ತಿರುಗಿಸಿಕೊಂಡು ಕೇಳಿದಳು: 'ನಾನು ಸರಿಯಾಗಿ ಹೇಳಿದ್ನಾ ಅಮ್ಮ?'